ಬಿಜಲಿ ಮುಧೋಳವೋ, ಗ್ರೇಹೌಂಡ್ ಬೆರಕೆಯೋ? ನಯಗೂದಲಿನ ಓಟದ ನಾಯಿಗಳ ಮೈಕಟ್ಟಿನ ಬಗ್ಗೆ

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನ ರೈತ. ಕಳೆದ ವರ್ಷ ಹೊಲ ಕಾಯಲೆಂದು ಒಂದು ಹೆಣ್ಣು ಮರಿ ತಂದೆ. ಕೊಟ್ಟವರು ‘ಅಸಲಿ ಮುಧೋಳ’ ಎಂದಿದ್ದರು. ಹೆಸರು ಬಿಜಲಿ, ಈಗ 14 ತಿಂಗಳು. ಎತ್ತರ 65 ಸೆಂ.ಮೀ., ತೂಕ 19 ಕೆ.ಜಿ. ಎರಡು ಹೊತ್ತು ಜೋಳದ ರೊಟ್ಟಿ, ಹಾಲು ಹಾಕುತ್ತೇವೆ. ಆದರೂ ಪಕ್ಕೆಲುಬು, ಸೊಂಟದ ಎಲುಬು ಎದ್ದು ಕಾಣುತ್ತವೆ. ಬಂದವರೆಲ್ಲ ‘ನಾಯಿಯನ್ನು ಉಪವಾಸ ಕೆಡವಿದ್ದೀರಿ’ ಎನ್ನುತ್ತಾರೆ. ಓಡುವಾಗ ಕಿವಿ ಹಿಂದಕ್ಕೆ ಮಡಚಿಕೊಳ್ಳುವುದನ್ನು ನೋಡಿ ನಮ್ಮ ಕಾಕಾ ಇದು ಗ್ರೇಹೌಂಡ್ ಬೆರಕೆ ಎಂದು ವಾದಿಸುತ್ತಾರೆ. ಮರಿ ಕೊಟ್ಟವರು ಕಾರವಾನಿ, ಮುಧೋಳ, ಪಶ್ಮಿ ಮೂರೂ ಬೇರೆ ಬೇರೆ ತಳಿ ಎನ್ನುತ್ತಾರೆ. ಕಲಬುರಗಿಯ ಗೆಳೆಯನ ಬಳಿ ಗ್ರೇಹೌಂಡ್ ಗಂಡು ಇದೆ. ಅದರ ಜೊತೆ ಕೂಡಿಸಿದರೆ ಮರಿಗಳು ಇನ್ನೂ ಜೋರಾಗಿ ಓಡುತ್ತವಂತೆ. ಮೂರು ಫೋಟೊ ಕಳಿಸಿದ್ದೇನೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು ಇದ್ದರೂ ಅವುಗಳ ಒಳಗಿರುವ ಆತಂಕ ಎರಡು. ಮರಿಯ ವಿಷಯದಲ್ಲಿ ನೀವು ಮೋಸ ಹೋದಿರೇ ಎಂಬುದು ಒಂದು. ನಾಯಿಯನ್ನು ಸಾಕುವುದರಲ್ಲಿ ನಿಮ್ಮಿಂದಲೇ ಏನಾದರೂ ಕಡಿಮೆಯಾಗುತ್ತಿದೆಯೇ ಎಂಬುದು ಇನ್ನೊಂದು. ಪಶುವೈದ್ಯನಾಗಿ ನನಗೆ ಎರಡನೆಯದೇ ಮುಖ್ಯವಾದ್ದರಿಂದ ಅದರಿಂದಲೇ ಆರಂಭಿಸುತ್ತೇನೆ.

ಮುಧೋಳ, ಗ್ರೇಹೌಂಡ್, ವಿಪೆಟ್, ಸಲೂಕಿ ಮುಂತಾದವು ವಾಸನೆ ಹಿಡಿದು ಹೋಗುವ ನಾಯಿಗಳಲ್ಲ. ಇವು ದೂರದ ಬೇಟೆಯನ್ನು ಕಣ್ಣಿನಿಂದ ಗುರುತಿಸಿ, ಓಡಿ ಹಿಡಿಯುವುದಕ್ಕಾಗಿ ಬೆಳೆದುಬಂದ ನಾಯಿಗಳು. ಇವುಗಳನ್ನು ಸೈಟ್‌ಹೌಂಡ್ ಎಂದು ಕರೆಯುತ್ತಾರೆ. ಇವುಗಳ ಮೈಯಲ್ಲಿ ಕಾಣುವ ಪ್ರತಿಯೊಂದು ‘ವಿಚಿತ್ರ’ವೂ ಆ ಓಟಕ್ಕೆ ಸಂಬಂಧಿಸಿದ್ದು. ಎದೆಗೂಡು ಆಳವಾಗಿರುವುದು ದೊಡ್ಡ ಹೃದಯಕ್ಕೂ ಶ್ವಾಸಕೋಶಕ್ಕೂ ಜಾಗ ಬೇಕೆಂದು. ಹೊಟ್ಟೆ ಒಳಸರಿದು ಮೇಲೇರಿರುವುದರಿಂದ, ಬೆನ್ನು ಬಿಲ್ಲಿನಂತೆ ಬಾಗಿದಾಗ ಹಿಂಗಾಲುಗಳು ಮುಂಗಾಲುಗಳನ್ನು ದಾಟಿ ಮುಂದಕ್ಕೆ ಬರುತ್ತವೆ. ಪೂರ್ಣ ವೇಗದಲ್ಲಿ ಒಂದು ಸುತ್ತಿನ ಹೆಜ್ಜೆಯಲ್ಲಿ ನಾಲ್ಕೂ ಕಾಲು ಎರಡು ಬಾರಿ ನೆಲ ಬಿಟ್ಟಿರುತ್ತವೆ: ಮೈ ಮುದುಡಿದಾಗ ಒಮ್ಮೆ, ಚಾಚಿದಾಗ ಇನ್ನೊಮ್ಮೆ. ಮುಖ ಉದ್ದ ಮತ್ತು ಕಿರಿದು, ಕಣ್ಣುಗಳು ತುಸು ಪಕ್ಕಕ್ಕೆ ಇರುವುದರಿಂದ ಮನುಷ್ಯನ ಸುಮಾರು 180 ಡಿಗ್ರಿಯ ನೋಟಕ್ಕಿಂತ ಇವುಗಳ ನೋಟ ಬಹಳ ಅಗಲ. ಇಂಥ ದೇಹದಲ್ಲಿ ಕೊಬ್ಬು ಹೊರೆಯೇ ಸರಿ. ಚರ್ಮದ ಕೆಳಗೆ ಕೊಬ್ಬು ಕಡಿಮೆ, ಚರ್ಮ ತೆಳು, ಕೂದಲು ಗಿಡ್ಡ. ಹೀಗಾಗಿ ಎಲುಬು ಕಾಣದೇ ಇರುವುದು ಹೇಗೆ?

ಆದ್ದರಿಂದ ಎಲುಬು ಕಂಡ ಮಾತ್ರಕ್ಕೆ ನಾಯಿ ಹಸಿದಿದೆ ಎನ್ನುವಂತಿಲ್ಲ. ಹಾಗೆಂದು ‘ಈ ತಳಿಯೇ ಹೀಗೆ’ ಎಂದು ಎಲ್ಲವನ್ನೂ ತಳ್ಳಿಹಾಕುವುದೂ ಅಷ್ಟೇ ಅಪಾಯಕಾರಿ. ಜೇವರ್ಗಿ ಕಡೆಯಿಂದ ನನ್ನ ಬಳಿಗೆ ಬಂದ ಒಂದು ಮುಧೋಳ ಗಂಡು ನಾಯಿಯನ್ನು ಮನೆಯವರು ನಾಲ್ಕು ತಿಂಗಳು ಇದೇ ಮಾತಿನ ನಂಬಿಕೆಯಲ್ಲಿ ಬಿಟ್ಟಿದ್ದರು. ತುಟಿ ಎತ್ತಿ ನೋಡಿದರೆ ಒಸಡು ಸುಣ್ಣ ಬಳಿದಂತೆ ಬಿಳುಚಿಕೊಂಡಿತ್ತು, ಕಿವಿಯೊಳಗೆ ಉಣ್ಣೆಗಳು ಗೊಂಚಲುಗಟ್ಟಿದ್ದವು; ಅದು ಉಣ್ಣೆಯಿಂದ ಹರಡುವ ಎರ್ಲಿಕಿಯಾ ಜ್ವರದಿಂದ ಸೊರಗಿತ್ತು. ಚಿಕಿತ್ಸೆ ಕೊಟ್ಟ ಮೇಲೆ ನಾಯಿ ಚೇತರಿಸಿಕೊಂಡಿತು, ಆದರೆ ಆ ನಾಲ್ಕು ತಿಂಗಳ ಸಂಕಟವನ್ನು ಅದು ಅನುಭವಿಸಬೇಕಾಗಿರಲಿಲ್ಲ.

ತೆಳ್ಳಗಿರುವುದಕ್ಕೂ ಸೊರಗಿರುವುದಕ್ಕೂ ಇರುವ ವ್ಯತ್ಯಾಸವನ್ನು ನೀವು ಮನೆಯಲ್ಲಿಯೇ ಕೈಯಿಂದ ತಿಳಿಯಬಹುದು. ಮೊದಲು ನಿಮ್ಮ ಎಡಗೈಯನ್ನು ಮುಷ್ಟಿ ಕಟ್ಟಿ, ಬೆರಳ ಗೆಣ್ಣುಗಳ ಮೇಲೆ ಬಲಗೈ ಬೆರಳು ಆಡಿಸಿ. ಆಮೇಲೆ ಕೈ ಬಿಡಿಸಿ ಅಂಗೈಯನ್ನು ಕೆಳಮುಖ ಮಾಡಿ, ಮುಂಗೈಯ ಎಲುಬುಗಳ ಮೇಲೆ ಆಡಿಸಿ. ಬಿಜಲಿಯ ಪಕ್ಕೆ ಮುಂಗೈಯಂತೆ ಹತ್ತಿದರೆ ಸರಿಯಾಗಿದೆ. ಗೆಣ್ಣುಗಳಂತೆ ಚೂಪಾಗಿ ಹತ್ತಿದರೆ ತೂಕ ಕಡಿಮೆ. ಕೊನೆಯ ಎರಡು ಮೂರು ಪಕ್ಕೆಲುಬುಗಳು ಮತ್ತು ಸೊಂಟದ ಎರಡು ತುದಿಗಳು ಕಣ್ಣಿಗೆ ಕಾಣುವುದು ಈ ಬಳಗಕ್ಕೆ ಸಹಜ. ಮುಂದಿನ ಪಕ್ಕೆಲುಬುಗಳೂ ಸಾಲಾಗಿ ಎಣಿಸುವಂತೆ ಕಾಣಬಾರದು. ಬಳಿಕ ಕೊನೆಯ ಪಕ್ಕೆಲುಬಿನ ಹಿಂದೆ ಬೆನ್ನುಮೂಳೆಯ ಎರಡೂ ಬದಿ ಒತ್ತಿ ನೋಡಿ. ಅಲ್ಲಿ ಮಾಂಸಖಂಡ ಗಟ್ಟಿಯಾಗಿ ತುಂಬಿರಬೇಕು. ಮೂಳೆಯ ಪಕ್ಕದಲ್ಲಿ ಬೆರಳು ಇಳಿಯುವಂಥ ತಗ್ಗು ಬಿದ್ದಿದ್ದರೆ, ತೊಡೆ ಜೋಲಾಗಿದ್ದರೆ, ಕೂದಲು ಹೊಳಪು ಕಳೆದುಕೊಂಡಿದ್ದರೆ ಅದು ತಳಿಯ ಲಕ್ಷಣವಲ್ಲ, ರೋಗ ಅಥವಾ ಆಹಾರದ ಕೊರತೆ.

ನಿಮ್ಮ ಫೋಟೊದಲ್ಲಿ ಬಿಜಲಿಯ ಬೆನ್ನು ತುಂಬಿಕೊಂಡೇ ಇದೆ, ತೊಡೆಯ ಸ್ನಾಯುವಿನ ಗೆರೆ ಸ್ಪಷ್ಟವಾಗಿದೆ, 65 ಸೆಂ.ಮೀ. ಎತ್ತರದ ಹೆಣ್ಣಿಗೆ 19 ಕೆ.ಜಿ. ತುಸು ಕೆಳಗಿನ ಅಂಚಿನಲ್ಲಿದ್ದರೂ ಗಾಬರಿಪಡುವಂತಹುದಲ್ಲ. ತಿದ್ದಬೇಕಾದದ್ದು ಊಟ. ಪ್ರತಿದಿನ ಓಡುವ 20 ಕೆ.ಜಿ. ನಾಯಿಗೆ ದಿನಕ್ಕೆ ಸುಮಾರು 1,100ರಿಂದ 1,300 ಕಿಲೋಕ್ಯಾಲರಿ ಬೇಕು, ಅದರಲ್ಲಿ ಪ್ರೋಟೀನ್ ಪಾಲು ದೊಡ್ಡದಿರಬೇಕು. ಜೋಳದ ರೊಟ್ಟಿ ಹೊಟ್ಟೆ ತುಂಬಿಸುತ್ತದೆ, ಸ್ನಾಯು ಕಟ್ಟುವುದಿಲ್ಲ. ಹಾಲು ಎಷ್ಟೋ ನಾಯಿಗಳಲ್ಲಿ ಬೇಧಿ ತರುತ್ತದೆ. ರೊಟ್ಟಿಯನ್ನು ಮಜ್ಜಿಗೆ ಅಥವಾ ಮೊಸರಿನಲ್ಲಿ ಮುರಿದು ಹಾಕಿ, ಜೊತೆಗೆ ದಿನಕ್ಕೆರಡು ಬೇಯಿಸಿದ ಮೊಟ್ಟೆ ಅಥವಾ ಎಲುಬು ತೆಗೆದ ಕೋಳಿ ಮಾಂಸ ಕೊಡಿ. ಮನೆಯಲ್ಲಿ ಮಾಂಸ ಮಾಡದವರು ಮೊಸರು, ಪನೀರ್ ಮತ್ತು ಮೆತ್ತಗೆ ಬೇಯಿಸಿದ ಬೇಳೆಯಿಂದ ಬಹುಮಟ್ಟಿಗೆ ಸರಿದೂಗಿಸಬಹುದು, ಆದರೆ ಉಳ್ಳಾಗಡ್ಡಿ ಹಾಕಿದ ಬೇಳೆ ಬೇಡ, ಅದು ನಾಯಿಯ ರಕ್ತಕಣಗಳನ್ನು ಒಡೆಯುತ್ತದೆ. ಮೂರು ತಿಂಗಳಿಗೊಮ್ಮೆ ಜಂತಿನ ಔಷಧ ಕೊಡಿಸಿ. ಒಮ್ಮೆಲೇ ಹೊಟ್ಟೆ ಬಿರಿಯುವಂತೆ ತಿನ್ನಿಸಿ ಓಡಿಸಬೇಡಿ. ಎದೆ ಆಳವಾಗಿರುವ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ, ಹಾಗಾದರೆ ಜೀವ ಉಳಿಸಲು ಕೆಲವೇ ತಾಸು ಇರುತ್ತದೆ.

ಇನ್ನು ಕಾಕಾ ಅವರ ವಾದ. ಓಡುವಾಗ, ಹೆದರಿದಾಗ, ಅಕ್ಕರೆಯಿಂದ ಮೈಗೆ ಮೈ ಉಜ್ಜುವಾಗ ಸಾಮಾನ್ಯವಾಗಿ ನಾಯಿಗಳು ಕಿವಿಯನ್ನು ಹಿಂದಕ್ಕೆಳೆಯುತ್ತವೆ. ಹೀಗಾಗಿ ಕಿವಿಯನ್ನು ನಾಯಿ ಸುಮ್ಮನೆ ನಿಂತಿರುವಾಗ ನೋಡಬೇಕು. ಗ್ರೇಹೌಂಡ್ ಮತ್ತು ವಿಪೆಟ್‌ಗಳ ಕಿವಿ ಚಿಕ್ಕದು, ತೆಳುವಾದದ್ದು, ವಿಶ್ರಾಂತಿಯಲ್ಲಿಯೂ ಹಿಂದಕ್ಕೆ ಮಡಚಿ ಕತ್ತಿಗೆ ಅಂಟಿಕೊಂಡಂತೆ ಇರುತ್ತದೆ. ಮುಧೋಳದ ಕಿವಿ ಮಧ್ಯಮ ಗಾತ್ರದ್ದು, ತಲೆಬುರುಡೆಗೆ ತಾಗಿಕೊಂಡು ಕೆಳಕ್ಕೆ ಜೋತಿರುತ್ತದೆ. ನಿಮ್ಮ ಎರಡನೆಯ ಫೋಟೊದಲ್ಲಿ ಬಿಜಲಿ ಕಟ್ಟೆಯ ಮೇಲೆ ಕುಳಿತು ಕ್ಯಾಮೆರಾ ಕಡೆ ನೋಡುತ್ತಿದೆ. ಅಲ್ಲಿ ಕಿವಿ ಜೋತೇ ಬಿದ್ದಿದೆ.

ಆದರೆ ಬರೀ ಕಿವಿಯಿಂದ ತೀರ್ಮಾನಿಸಬೇಡಿ. ನಾನು ಮೊದಲು ನೋಡುವುದು ಬೆನ್ನಿನ ಗೆರೆಯನ್ನು. ಗ್ರೇಹೌಂಡನ್ನು ಪಕ್ಕದಿಂದ ನೋಡಿದರೆ ಸೊಂಟದ ಮೇಲೆ ಸ್ಪಷ್ಟವಾದ ಕಮಾನು ಕಾಣುತ್ತದೆ, ಅಲ್ಲಿಂದ ದಪ್ಪ ತೊಡೆಗಳಿಗೆ ಇಳಿಯುತ್ತದೆ. ಮೇಲಿನಿಂದ ನೋಡಿದರೆ ಬೆನ್ನು ಅಗಲ, ಎಲುಬುಗಳು ಸ್ನಾಯುವಿನೊಳಗೆ ಹುದುಗಿರುತ್ತವೆ. ಅದು ಕೆಲವು ನೂರು ಮೀಟರ್‌ಗಳಲ್ಲಿ ಇರುವ ಶಕ್ತಿಯನ್ನೆಲ್ಲ ಸುರಿದು ಗಂಟೆಗೆ 60 ಕಿ.ಮೀ. ದಾಟುವ ದೇಹ. ಮುಧೋಳದ ಬೆನ್ನು ಹೆಚ್ಚು ನೇರ, ಕಮಾನು ಅಲ್ಪ, ಸೊಂಟದ ಎಲುಬುಗಳು ಒಂದರಿಂದೊಂದು ದೂರವಾಗಿ ಎದ್ದು ಕಾಣುತ್ತವೆ. ನಿಮ್ಮ ಮನೆಗೆ ಬಂದವರಿಗೆ ಉಪವಾಸದ ಗುರುತಾಗಿ ಕಂಡ ಆ ಸೊಂಟದ ಎಲುಬು ತಳಿಯ ವಿವರಣೆಯಲ್ಲಿಯೇ ಬರುವ ಲಕ್ಷಣ! ಸ್ನಾಯುಗಳು ಉದ್ದ ಮತ್ತು ಚಪ್ಪಟೆ, ಗ್ರೇಹೌಂಡಿನಂತೆ ಉಬ್ಬಿದವಲ್ಲ. ಕಡಿಮೆ ಸಿಡಿತ, ಹೆಚ್ಚು ತಾಳಿಕೆ. ತೂಕದಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ಮುಧೋಳ ಗಂಡು ಸುಮಾರು 68ರಿಂದ 74 ಸೆಂ.ಮೀ., ಹೆಣ್ಣು 64ರಿಂದ 69 ಸೆಂ.ಮೀ. ಇರುತ್ತದೆ, ಗ್ರೇಹೌಂಡ್ ಅದಕ್ಕಿಂತ ಎರಡು ಮೂರು ಸೆಂ.ಮೀ. ಮಾತ್ರ ಎತ್ತರವಿದ್ದರೂ ತೂಕ 27ರಿಂದ 32 ಕೆ.ಜಿ. ಮುಟ್ಟುತ್ತದೆ; ನಿಮ್ಮ ಬಿಜಲಿ 19 ಕೆ.ಜಿ. ಎತ್ತರದಲ್ಲಿ ಅಷ್ಟು ಹತ್ತಿರವಿರುವ ಎರಡು ನಾಯಿಗಳ ನಡುವೆ ಇಷ್ಟು ತೂಕದ ಅಂತರ ಬರುವುದು ಸ್ನಾಯುವಿನ ದಪ್ಪದಿಂದ.

ಅಳೆಯುವ ರೀತಿಯಲ್ಲಿ ತಪ್ಪಾಗುವುದು ಬಹಳ. ಅಂಗಳದ ಇಳಿಜಾರಿನಲ್ಲಿ ಬೇಡ, ಗಟ್ಟಿ ಸಮನೆಲದಲ್ಲಿ ನಾಯಿಯನ್ನು ಗೋಡೆಗೆ ತಾಗಿಸಿ ನಿಲ್ಲಿಸಿ, ಕತ್ತು ಬೆನ್ನಿಗೆ ಸೇರುವಲ್ಲಿ ಹೆಗಲ ಮೂಳೆಯ ತುದಿ ಕೈಗೆ ಹತ್ತುತ್ತದೆ, ಅಲ್ಲಿ ಮರದ ಪಟ್ಟಿಯನ್ನು ಅಡ್ಡ ಇಟ್ಟು ಗೋಡೆಗೆ ಗುರುತು ಹಾಕಿ. ತಲೆಯವರೆಗೆ ಅಳೆದು ‘30 ಇಂಚು ನಾಯಿ’ ಎಂದು ಮಾರುವವರನ್ನು ನಾನು ನೋಡಿದ್ದೇನೆ.

ಇದೇ ಬಳಗದ ಉಳಿದ ನಯಗೂದಲಿನ ನಾಯಿಗಳ ಜೊತೆ ಇಟ್ಟು ನೋಡಿದರೆ ನಿಮ್ಮ ನಾಯಿಯ ಮೈಕಟ್ಟು ಇನ್ನಷ್ಟು ಅರ್ಥವಾಗುತ್ತದೆ. ವಿಪೆಟ್ ಎಂಬುದು ಗ್ರೇಹೌಂಡಿನ ಚಿಕ್ಕ ಅಚ್ಚು. 45ರಿಂದ 55 ಸೆಂ.ಮೀ. ಒಳಗೇ ನಿಲ್ಲುತ್ತದೆ, ಆದ್ದರಿಂದ ಗೊಂದಲಕ್ಕೆ ಅವಕಾಶ ಕಡಿಮೆ. ಉತ್ತರ ಆಫ್ರಿಕಾದ ಸ್ಲೂಗಿಯ ಬೆನ್ನು ನೇರ, ಕಿವಿ ಜೋತಿರುತ್ತದೆ, ಸೊಂಟದ ಎಲುಬು ಕಾಣುತ್ತದೆ, ಬಣ್ಣ ಮರಳಿನಿಂದ ಕೆಂಪಿನವರೆಗೆ. ಮುಧೋಳದ ಪಕ್ಕ ನಿಲ್ಲಿಸಿದರೆ ಅಣ್ಣತಮ್ಮಂದಿರೆನಿಸುತ್ತವೆ. ಮಾಲಿ, ನೈಜರ್ ಕಡೆಯ ಅಜವಾಕ್ ಇನ್ನೂ ಒಂದು ಹೆಜ್ಜೆ ಮುಂದೆ: ಅದರ ಮೈ ಉದ್ದಕ್ಕಿಂತ ಎತ್ತರವೇ ಹೆಚ್ಚು, ಉದ್ದ ಒಂಬತ್ತು ಪಾಲಾದರೆ ಎತ್ತರ ಹತ್ತು, 74 ಸೆಂ.ಮೀ. ವರೆಗಿನ ಗಂಡು ಕೂಡ 20ರಿಂದ 25 ಕೆ.ಜಿ. ಮೀರುವುದಿಲ್ಲ. ಒಣ ಬಿಸಿಲಿನ ಬಯಲುಗಳಲ್ಲಿ ಬೆಳೆದ ಈ ನಾಯಿಗಳು ಹಗುರ ಮತ್ತು ನೀಳ. ತಂಪು ದೇಶದಲ್ಲಿ ಸಣ್ಣ ಅಂತರದ ಓಟಕ್ಕೆ ತಿದ್ದಿದ ಗ್ರೇಹೌಂಡ್ ದಪ್ಪ ಸ್ನಾಯುವಿನದು. ನಮ್ಮ ಮುಧೋಳ ಮೈಕಟ್ಟಿನಲ್ಲಿ ಮೊದಲನೆಯ ಗುಂಪಿಗೆ ಹತ್ತಿರ. ತಮಿಳುನಾಡಿನ ಚಿಪ್ಪಿಪಾರೈ ಮುಧೋಳಕ್ಕಿಂತ ತುಸು ಗಿಡ್ಡ, ಹಗುರ. ಉತ್ತರ ಪ್ರದೇಶದ ರಾಂಪುರ ಹೌಂಡ್ ಇಂಗ್ಲಿಷ್ ಗ್ರೇಹೌಂಡ್ ಬೆರೆಸಿ ಬೆಳೆಸಿದ ತಳಿ, ತಲೆ ಅಗಲ, ಮೈ ಭಾರ. ನಿಮ್ಮ ಗೆಳೆಯರು ಹೇಳುವ ಪ್ರಯೋಗವನ್ನು ಅಲ್ಲಿನ ನವಾಬರು ಎಂದೋ ಮಾಡಿದ್ದಾರೆ.

ಮರಿ ಕೊಟ್ಟವರು ಹೇಳಿದ ಮೂರು ಹೆಸರುಗಳಲ್ಲಿ ಎರಡು ಒಂದೇ ನಾಯಿಯವು. ಒಂದು ನೋಂದಣಿ ಸಂಸ್ಥೆಯಾದ ಕೆನಲ್ ಕ್ಲಬ್ ಆಫ್ ಇಂಡಿಯಾ ಇದನ್ನು ಕ್ಯಾರವಾನ್ ಹೌಂಡ್ ಎಂದು ದಾಖಲಿಸುತ್ತದೆ. ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಮುಧೋಳ ಹೌಂಡ್ ಎಂದು ದಾಖಲಿಸಿದೆ. ವ್ಯಾಪಾರಿ ತಂಡಗಳ ಜೊತೆ ಬಂದ ನಾಯಿಗಳೆಂಬ ನಂಬಿಕೆಯಿಂದ ‘ಕಾರವಾನಿ’ ಎಂದಾಯಿತು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಪೋಷಿಸಿದ್ದರಿಂದ ‘ಮುಧೋಳ’ ಎಂಬ ಹೆಸರು ನಿಂತಿತು. ಪಶ್ಮಿ ಎನ್ನುವುದು ಕಿವಿ, ಬಾಲ, ಕಾಲಿನ ಹಿಂಬದಿಯಲ್ಲಿ ರೇಷ್ಮೆಯಂಥ ಉದ್ದ ಕೂದಲಿರುವ ಬಗೆ. ಸಲೂಕಿ ತಳಿಯಲ್ಲಿ ಒಂದೇ ಸೂಲಿನಲ್ಲಿ ನಯಗೂದಲಿನ ಮರಿಯೂ ಜಾಲರಿಗೂದಲಿನ ಮರಿಯೂ ಹುಟ್ಟುವುದು ಸಾಮಾನ್ಯ ಸಂಗತಿ. ಕೂದಲಿನ ವ್ಯತ್ಯಾಸ ಮಾತ್ರದಿಂದ ತಳಿ ಬೇರೆಯಾಗುವುದಿಲ್ಲ.

ಹಾಗಾದರೆ ಬಿಜಲಿ ಅಸಲಿಯೇ? ಫೋಟೊಗಳಲ್ಲಿ ಕಾಣುವಷ್ಟರ ಮಟ್ಟಿಗೆ ಅದರ ಬೆನ್ನು, ಸೊಂಟ, ಕಿವಿ, ಎತ್ತರ ಎಲ್ಲವೂ ಮುಧೋಳದ ಅಚ್ಚಿಗೆ ಹೊಂದುತ್ತವೆ, ಗ್ರೇಹೌಂಡಿನ ಗುರುತು ನನಗೆ ಕಾಣುತ್ತಿಲ್ಲ. ಆದರೆ ಹೊರನೋಟದಿಂದ ಶುದ್ಧತೆಯನ್ನು ಸಾಬೀತುಪಡಿಸಲು ಯಾವ ತಜ್ಞನಿಗೂ ಆಗದು. ತಂದೆ ತಾಯಿ ನಾಯಿಗಳನ್ನು ಕಂಡಿದ್ದರೆ, ನೋಂದಣಿ ಪತ್ರವಿದ್ದರೆ ಅದು ಒಂದು ಆಧಾರ. ಅವೆರಡೂ ಇಲ್ಲದಿದ್ದರೆ ‘ಮುಧೋಳ ಮಾದರಿಯ ನಾಯಿ’ ಎನ್ನುವುದಷ್ಟೇ ಪ್ರಾಮಾಣಿಕ ಉತ್ತರ. ಹೊಲ ಕಾಯುವುದಕ್ಕೆ ಅದರಿಂದ ಏನೂ ಕಡಿಮೆಯಾಗುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಇರಲಿ: ಕೃಷ್ಣಮೃಗ, ಮೊಲಗಳ ಮೇಲೆ ನಾಯಿಯನ್ನು ಛೂ ಬಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಯೇ ಆಗುತ್ತದೆ.

ಈಗ ಗೆಳೆಯರ ಸಲಹೆಗೆ ಬರೋಣ. ಮೊದಲ ಪೀಳಿಗೆಯ ಮರಿಗಳಲ್ಲಿ ಒಂದೆರಡು ಜೋರಾಗಿ ಓಡಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವು ಎಲ್ಲಿ ಓಡಬೇಕು ಎಂಬುದನ್ನು ಯೋಚಿಸಿ. ತೆಳ್ಳನೆಯ ದೇಹ ಬಿಸಿಯನ್ನು ಬೇಗ ಹೊರಹಾಕುವುದು ಗಾಳಿ ಮೈಗಿಂತ ತಂಪಾಗಿದ್ದಾಗ ಮಾತ್ರ. ನಾಯಿಯ ಸಹಜ ಉಷ್ಣತೆ 38ರಿಂದ 39 ಡಿಗ್ರಿ ಸೆಲ್ಸಿಯಸ್. ಕಲಬುರಗಿ, ಯಾದಗಿರಿಗಳ ಮೇ ತಿಂಗಳ ಮಧ್ಯಾಹ್ನ 42, 43 ಡಿಗ್ರಿ ಮುಟ್ಟಿದಾಗ ಹೊರಗಿನ ಗಾಳಿಯೇ ಮೈಗೆ ಬಿಸಿ ತುಂಬುತ್ತದೆ, ಏದುಸಿರೊಂದೇ ದಾರಿ. ಅಂಥಲ್ಲಿ ಹೆಚ್ಚು ಸ್ನಾಯು ಎಂದರೆ ಓಡುವಾಗ ಹೆಚ್ಚು ಶಾಖ. ಬೇಸಿಗೆಯಲ್ಲಿ ಬಿಜಲಿಯನ್ನಾದರೂ ಸೂರ್ಯೋದಯಕ್ಕೆ ಮೊದಲೇ ಓಡಿಸಿ ಮುಗಿಸಬೇಕು. ಕುಸಿದರೆ ನೆರಳಿಗೆ ತಂದು ಹೊಟ್ಟೆ, ತೊಡೆಸಂದಿಗೆ ನೀರು ಸುರಿದು ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಹೊರಡಬೇಕು. ಇನ್ನೊಂದು ಅಪಾಯ ನೆಲದ್ದು. ತೊಗರಿ ಕಟಾವಾದ ಮೇಲೆ ಎರೆಹೊಲದಲ್ಲಿ ಉಳಿಯುವ ಕೂಳೆ ಓರೆಯಾಗಿ ಕತ್ತರಿಸಿದ ಮೊಳೆಯಂತಿರುತ್ತದೆ. ಪ್ರತಿ ಜನವರಿಯಲ್ಲೂ ಎದೆ, ತೊಡೆ ಸೀಳಿಕೊಂಡ ಓಟದ ನಾಯಿಗಳಿಗೆ ಹೊಲಿಗೆ ಹಾಕುವುದು ನನಗೆ ರೂಢಿಯ ಕೆಲಸ. ಚರ್ಮ ಕಾಗದದಂತೆ ಹರಿದಿರುತ್ತದೆ, ರಕ್ತ ಮಾತ್ರ ಅಷ್ಟಾಗಿ ಬಂದಿರುವುದಿಲ್ಲ. ಭಾರದ ನಾಯಿ ಇನ್ನೂ ವೇಗದಲ್ಲಿ ಆ ಹೊಲಕ್ಕೆ ನುಗ್ಗುವುದನ್ನು ನಾನು ಬಯಸಲಾರೆ.

ಮರಿಗಳ ಮುಂದಿನ ಗತಿಯೂ ಇದೆ. ಎರಡನೆಯ ಪೀಳಿಗೆಯಲ್ಲಿ ಕಿವಿ ಒಂದರದು, ಬೆನ್ನು ಇನ್ನೊಂದರದು ಎಂಬಂತೆ ಲಕ್ಷಣಗಳು ಚದುರುತ್ತವೆ. ಅವುಗಳಲ್ಲಿ ಮುಧೋಳದಂತೆ ಕಾಣುವ ಮರಿಗಳು ‘ಅಸಲಿ’ ಎಂದೇ ಮಾರಾಟವಾಗಿ, ಮುಂದೊಂದು ದಿನ ನಿಮ್ಮಂಥ ಇನ್ನೊಬ್ಬ ರೈತ ಇದೇ ಪತ್ರ ಬರೆಯಬೇಕಾಗುತ್ತದೆ. ನಮ್ಮ ಸೀಮೆಯಲ್ಲಿ ಈ ತಳಿ ತೆಳುವಾಗುತ್ತಿರುವುದು ಇಂಥ ಕೂಡಿಕೆಗಳಿಂದಲೇ. ಅದು ನನಗೆ ನಿಜವಾದ ನೋವಿನ ವಿಷಯ.

ಮರಿ ಬೇಕೆಂದೇ ಇದ್ದರೆ ಅವಸರ ಬೇಡ. 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ಪ್ರಕಾರ 18 ತಿಂಗಳು ತುಂಬದ ಹೆಣ್ಣನ್ನು ಕೂಡಿಸುವಂತಿಲ್ಲ, 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಮಾರಾಟಕ್ಕೆಂದು ಬೆಳೆಸುವವರು ನೋಂದಣಿ ಮಾಡಿಸಬೇಕು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಧೀನದಲ್ಲಿ ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಈ ತಳಿಯ ಸಂಶೋಧನಾ ಕೇಂದ್ರವಿದೆ. ವಂಶ ಗೊತ್ತಿರುವ ಗಂಡನ್ನು ಹುಡುಕುವಾಗ ಅಲ್ಲಿಂದ ವಿಚಾರಣೆ ಆರಂಭಿಸಿ. ಅಲ್ಲಿಯೂ ಒಂದು ಎಚ್ಚರ ಬೇಕು: ಬಿಜಲಿಯ ಮೂಲ ತಿಳಿಯದಿರುವುದರಿಂದ ಅದೇ ಊರಿನ ಗಂಡು ರಕ್ತಸಂಬಂಧಿಯೇ ಆಗಿರಬಹುದು, ಒಡಹುಟ್ಟಿದವುಗಳ ಕೂಡಿಕೆಯಿಂದ ದುರ್ಬಲ ಮರಿಗಳು ಹುಟ್ಟುತ್ತವೆ. ಆದ್ದರಿಂದ ದೂರದ ಊರಿನ ಗಂಡೇ ಲೇಸು. ಕೂಡಿಸುವ ಮೊದಲು ಉಣ್ಣೆ ಜ್ವರದ ರಕ್ತಪರೀಕ್ಷೆ ಮಾಡಿಸಿ. ಗ್ರೇಹೌಂಡುಗಳಲ್ಲಿ ಆರೋಗ್ಯವಿದ್ದಾಗಲೂ ಕೆಂಪು ಕಣಗಳ ಪ್ರಮಾಣ ಹೆಚ್ಚು, ಪ್ಲೇಟ್‌ಲೆಟ್ ಸ್ವಲ್ಪ ಕಡಿಮೆ ಇರುತ್ತದೆ. ಆದರೆ ನಮ್ಮ ಕಡೆ ಉಣ್ಣೆ ಹೇರಳವಾಗಿರುವುದರಿಂದ ಪ್ಲೇಟ್‌ಲೆಟ್ ಕಡಿಮೆ ಬಂದರೆ ‘ತಳಿಗುಣ’ ಎಂದು ಬಿಡದೆ ಎರ್ಲಿಕಿಯಾ ಪರೀಕ್ಷೆಯನ್ನೂ ಮಾಡಿಸಲೇಬೇಕು.

ಮರಿ ಬೇಡವೆಂದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಒಳ್ಳೆಯ ದಾರಿ, ನಿಮ್ಮ ಸ್ಥಿತಿಯಲ್ಲಿ ನಾನು ಅದನ್ನೇ ಆರಿಸುತ್ತಿದ್ದೆ. ಅದರ ಅಪಾಯ ಅರಿವಳಿಕೆಯದು. ಥಯೋಪೆಂಟೋನ್ ಎಂಬ ಹಳೆಯ ಅರಿವಳಿಕೆ ಔಷಧ ಬೇರೆ ನಾಯಿಗಳಲ್ಲಿ ಕೊಬ್ಬಿಗೆ ಹಂಚಿಹೋಗುವುದರಿಂದ ಬೇಗ ಎಚ್ಚರವಾಗುತ್ತದೆ. ಗ್ರೇಹೌಂಡುಗಳಲ್ಲಿ ಕೊಬ್ಬೂ ಕಡಿಮೆ, ಪಿತ್ತಜನಕಾಂಗ ಅದನ್ನು ಕರಗಿಸುವುದೂ ನಿಧಾನ, ಹೀಗಾಗಿ ಎಚ್ಚರವಾಗಲು ಹಲವು ತಾಸು ಹಿಡಿಯಬಹುದು. ಇದೇ ಮೈಕಟ್ಟಿನ ಮುಧೋಳಕ್ಕೂ ನಾನು ಆ ಔಷಧ ಬಳಸುವುದಿಲ್ಲ. ಪ್ರೊಪೊಫಾಲ್ ಅಥವಾ ಕೆಟಮಿನ್ ಜೊತೆ ಡಯಾಜೆಪಾಮ್ ಬಳಸುತ್ತೇನೆ. ವೈದ್ಯರಿಗೆ ನಾಯಿ ಯಾವ ಮಾದರಿಯದು ಎಂದು ಮೊದಲೇ ತಿಳಿಸಿ, ತೂಕವನ್ನು ಅಂದಾಜಿನಲ್ಲಿ ಹೇಳದೆ ತೂಗಿಸಿ, ಎಚ್ಚರವಾಗುವವರೆಗೆ ಕಂಬಳಿ ಹೊದಿಸಿಡಿ. ಕೊಬ್ಬಿಲ್ಲದ ಮೈ ಬಹಳ ಬೇಗ ತಣ್ಣಗಾಗುತ್ತದೆ. ಇದೇ ಕಾರಣಕ್ಕೆ ಡಿಸೆಂಬರಿನ ರಾತ್ರಿಗಳಲ್ಲಿ, ಅದರಲ್ಲಿಯೂ ಬೀದರ್ ಕಡೆಯ ಚಳಿಯಲ್ಲಿ, ಈ ನಾಯಿಗಳಿಗೆ ಗೋಣಿಚೀಲದ ಹಾಸಿಗೆ ಇರಬೇಕು. ಬರಿ ಬಂಡೆಯ ಮೇಲೆ ಮಲಗಿದರೆ ಮೊಣಕೈ ಒರಟಾಗಿ ನೀರು ತುಂಬಿಕೊಳ್ಳುತ್ತದೆ.

ಯಾವುದನ್ನು ಆರಿಸಿದರೂ ನಿರ್ಧಾರವಾಗುವವರೆಗೆ ಒಂದು ಕೆಲಸವನ್ನು ತಡಮಾಡದೆ ಮಾಡಿ. ಈ ವಯಸ್ಸಿನ ಹೆಣ್ಣು ಯಾವಾಗ ಬೇಕಾದರೂ ಬೆದೆಗೆ ಬರಬಹುದು, ಬೆದೆ ಸುಮಾರು ಮೂರು ವಾರ ಇರುತ್ತದೆ. ಆ ಅವಧಿಯಲ್ಲಿ ಬಿಜಲಿಯನ್ನು ಹೊಲಕ್ಕೆ ಒಯ್ಯದೆ ಬಾಗಿಲು ಭದ್ರವಿರುವ ಕೋಣೆಯಲ್ಲಿ ಇಡಿ. ಇವು ಐದು ಅಡಿ ಗೋಡೆಯನ್ನು ನಿಂತಲ್ಲಿಂದಲೇ ಹಾರುತ್ತವೆ, ಅಂಗಳದ ಕಾಂಪೌಂಡನ್ನು ನಂಬಬೇಡಿ.